ಬೈಕಿನ ಮಾತು, ಬಿದ್ದವರ ಮಾತು



ಇತಿಹಾಸ ಎಂದೊಡನೆ ನಿಮಗೆ ಶಾಸನ, ಕೋಟೆ, ನಾಣ್ಯ, ರಾಜವಂಶಗಳ ಪಟ್ಟಿ ನೆನಪಾಗುತ್ತವೆ. ಅವು ಪಠ್ಯಪುಸ್ತಕದಲ್ಲಿ ಇದ್ದೇ ಇವೆ. ಈ ಸಲ ಒಂದು ಮೋಟಾರ್ ಸೈಕಲ್ ರಿಪೇರಿ ಅಂಗಡಿಯ ಮುಂದೆ ನಿಂತು ಇತಿಹಾಸವನ್ನು ಕೇಳಿಸಿಕೊಳ್ಳೋಣ. ‘ನೋಡೋಣ’ ಎನ್ನದೆ ‘ಕೇಳಿಸಿಕೊಳ್ಳೋಣ’ ಎಂದಿದ್ದೇನೆ. ಅಲ್ಲಿ ಇತಿಹಾಸ ಇರುವುದು ಮಾತಿನಲ್ಲಿ.

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲವನ್ನು ನಿಮ್ಮಲ್ಲಿ ಕೆಲವರಾದರೂ ಬಲ್ಲಿರಿ. ಅಲ್ಲಿಯ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಜಾತಿ ಮತ ಎಣಿಸದೆ ಜನ ಬರುತ್ತಾರೆ. ಬರುವವರಲ್ಲಿ ಬಹಳ ಮಂದಿ ಬೈಕಿನಲ್ಲೇ ಬರುತ್ತಾರೆ. ಗಂಡ ಮುಂದೆ, ಹೆಂಡತಿ ಹಿಂದೆ, ಟ್ಯಾಂಕಿನ ಮೇಲೊಂದು ಮಗು. ಅದೇ ರಸ್ತೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡವರು, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆ ಗೂಡಿನ ಮೂಟೆ ಹೊತ್ತವರು, ಕಾಲೇಜಿಗೆ ಹೊರಟ ನಿಮ್ಮಂಥವರು. ಇಷ್ಟು ಗಾಡಿಗಳು ಓಡಾಡುವ ಕಡೆ ರಿಪೇರಿ ಅಂಗಡಿ ಇರಲೇಬೇಕಲ್ಲವೇ? ಅಂಥ ಒಂದು ಅಂಗಡಿಗೆ ಬೆಳಿಗ್ಗೆ ಹುಡುಗನೊಬ್ಬ ಗಾಡಿ ತಳ್ಳಿಕೊಂಡು ಬಂದ ಎಂದಿಟ್ಟುಕೊಳ್ಳಿ.

“ಏನಾಯ್ತಪ್ಪ?”

“ಸ್ಕಿಡ್ ಆಯ್ತು ಭಾಯ್.”

ಮೇಸ್ತ್ರಿ ಮತ್ತೇನೂ ಕೇಳುವುದಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬರುತ್ತಾನೆ. ಎಡಗಡೆಯ ಫುಟ್‌ರೆಸ್ಟ್ ಉಜ್ಜಿಹೋಗಿದೆ, ಕ್ಲಚ್ ಲಿವರ್‌ನ ತುದಿ ಬಾಗಿದೆ, ಎಡಗಡೆಯ ಇಂಡಿಕೇಟರ್ ಒಡೆದಿದೆ. ಮುಂದಿನ ಫೋರ್ಕ್ ನೆಟ್ಟಗೇ ಇದೆ. “ತಿರುವಿನಲ್ಲಿ ಹಿಂದಿನ ಬ್ರೇಕು ಒತ್ತಿ ಹಿಡಿದುಬಿಟ್ಟೆ, ಅಲ್ವಾ?” ಎನ್ನುತ್ತಾನೆ. ಹುಡುಗನಿಗೆ ಆಶ್ಚರ್ಯ. ತಾನು ಹೇಳದಿದ್ದುದನ್ನು ಗಾಡಿ ಹೇಳಿಬಿಟ್ಟಿದೆ!

ಈ ಪುಟ್ಟ ಸಂಭಾಷಣೆಯಲ್ಲೇ ಎರಡು ಸಂಗತಿಗಳಿವೆ. ಬೈಕಿನ ಪ್ರತಿಯೊಂದು ಭಾಗಕ್ಕೂ ನಮ್ಮಲ್ಲಿ ಒಂದೊಂದು ಹೆಸರಿದೆ, ಬೀಳುವುದಕ್ಕೆ ಮಾತ್ರ ‘ಸ್ಕಿಡ್’ ಎಂಬ ಒಂದೇ ಮಾತು. ಹೀಗೇಕಾಯಿತು, ಅದರಿಂದ ನಮಗೇನು ನಷ್ಟ ಎಂಬುದೇ ಇಂದಿನ ವಿಷಯ.

ಮೊದಲು ಗಾಡಿಯ ಹೆಸರನ್ನೇ ತೆಗೆದುಕೊಳ್ಳಿ. ಚಿಂತಾಮಣಿ, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು ಆಡುವವರು ಹೆಚ್ಚು. ಅವರು ಬೈಕನ್ನು ‘ಬಂಡಿ’ ಎನ್ನುತ್ತಾರೆ. ಕನ್ನಡದವರು ‘ಗಾಡಿ’ ಎನ್ನುತ್ತಾರೆ. ದಖ್ಖನಿ ಉರ್ದುವಿನವರಿಗೂ ಅದು ‘ಗಾಡಿ’ಯೇ. ಮೂರು ಭಾಷೆಯವರೂ ಎತ್ತಿನ ಬಂಡಿಯ ಹೆಸರನ್ನೇ ಈ ಹೊಸ ಯಂತ್ರಕ್ಕೆ ಇಟ್ಟರು. ಓಡಿಸುವವನನ್ನು ಪತ್ರಿಕೆಗಳು ‘ಬೈಕ್ ಸವಾರ’ ಎಂದು ಬರೆಯುತ್ತವೆ. ಸವಾರ ಎಂಬುದು ಪಾರಸಿ ಮಾತು, ಕುದುರೆಯ ಮೇಲೆ ಕುಳಿತವನು ಎಂದರ್ಥ. ಉತ್ತರ ಕರ್ನಾಟಕದ ಹಿರಿಯರು ಮಾತ್ರ ಎತ್ತು, ಕುದುರೆ ಎರಡನ್ನೂ ಬಿಟ್ಟು, ಅದರ ಸದ್ದನ್ನೇ ಹಿಡಿದು ‘ಫಟಫಟಿ’ ಎಂದರು. ನನಗೆ ಅತ್ಯಂತ ಇಷ್ಟವಾದ ಹೆಸರು ಅದು.

ಆದರೆ ಹೆಸರು ಬಂಡಿಯದಾದರೂ ಬಂಡಿಯ ಭಾಗಗಳ ಹೆಸರು ಬೈಕಿಗೆ ಬರಲಿಲ್ಲ. ಅಚ್ಚು, ನೊಗ, ಮೂಕಿ, ಕಡಾಣಿ ಎಲ್ಲವೂ ಬಡಗಿ ಮತ್ತು ಕಮ್ಮಾರರ ಬಳಿಯೇ ಉಳಿದವು. ಕಾರಣ ಸರಳ. ಬಂಡಿಯನ್ನು ಊರಿನಲ್ಲೇ ಮಾಡುತ್ತಿದ್ದರು. ಬೈಕು ಸಿದ್ಧವಾಗಿ, ಇಂಗ್ಲಿಷ್ ಕೈಪಿಡಿಯೊಂದಿಗೆ ಬಂತು. ಅದನ್ನು ಬಿಚ್ಚಿ ಕಲಿತವರು ಬಡಗಿಗಳಲ್ಲ, ಲಾರಿ ಶೆಡ್ಡಿನವರು, ಸೈಕಲ್ ಶಾಪಿನವರು. ಅವರ ಮಾತಿನಲ್ಲಿ ನಾಲ್ಕು ದೇಶಗಳು ಸೇರಿಕೊಂಡವು. ‘ಮೇಸ್ತ್ರಿ’ ಪೋರ್ಚುಗೀಸರಿಂದ ಬಂದದ್ದು, ‘ಚಾವಿ’ಯೂ ಅಲ್ಲಿಂದಲೇ. ‘ಉಸ್ತಾದ್’ ಪಾರಸಿಯದು. ‘ಸೈಲೆನ್ಸರ್’, ‘ಮಡ್‌ಗಾರ್ಡ್’, ‘ಪೆಟ್ರೋಲ್’ ಬ್ರಿಟನ್ನಿನವು; ಅಮೆರಿಕದವರು ಇವನ್ನೇ ‘ಮಫ್ಲರ್’, ‘ಫೆಂಡರ್’, ‘ಗ್ಯಾಸ್’ ಎನ್ನುತ್ತಾರೆ. ಶಾಕ್ ಅಬ್ಸಾರ್ಬರ್ ನಮ್ಮ ಬಾಯಲ್ಲಿ ‘ಶಾಕಬ್ಸರ್’ ಆಯಿತು, ಕಾರ್ಬುರೇಟರ್ ‘ಕಾರ್ಬೇಟರ್’ ಆಯಿತು, ಪಂಕ್ಚರ್ ‘ಪಂಚರ್’ ಆಯಿತು. ಸ್ಕೂಟರಿನ ಹಿಂದೆ ಕಟ್ಟುತ್ತಿದ್ದ ‘ಸ್ಟೆಪ್ನಿ’ಯ ಕಥೆ ಇನ್ನೂ ಸ್ವಾರಸ್ಯದ್ದು. ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನಲ್ಲಿ ಸ್ಟೆಪ್ನಿ ಎಂಬ ಬೀದಿಯಿದೆ. 1904ರ ಸುಮಾರಿಗೆ ಹೆಚ್ಚುವರಿ ಚಕ್ರವೊಂದನ್ನು ತಯಾರಿಸಿದ ಕಂಪನಿ ಆ ಬೀದಿಯದು. ಇಂಗ್ಲೆಂಡಿನಲ್ಲಿ ಆ ಮಾತು ಎಂದೋ ಮರೆತುಹೋಯಿತು, ನಮ್ಮಲ್ಲಿ ಉಳಿಯಿತು.

ನೊಗದ ವಿಷಯದಲ್ಲಿ ಒಂದು ತಮಾಷೆಯನ್ನೂ ಹೇಳಬೇಕು. ಮುಂದಿನ ಎರಡು ಫೋರ್ಕ್ ಪೈಪುಗಳನ್ನು ಮೇಲೆ ಹಿಡಿದಿಡುವ ಲೋಹದ ಅಡ್ಡತುಂಡಿಗೆ ನಮ್ಮ ಮೆಕ್ಯಾನಿಕ್ ‘ಟಿ’ ಎನ್ನುತ್ತಾನೆ. ಬ್ರಿಟಿಷರು ಅದಕ್ಕೆ ‘ಯೋಕ್’ ಎನ್ನುತ್ತಾರೆ, ಅಂದರೆ ನೊಗ! ಎರಡು ಎತ್ತುಗಳನ್ನು ಜೊತೆಗೆ ಹಿಡಿದಿಡುವುದು ನೊಗ, ಎರಡು ಪೈಪುಗಳನ್ನು ಜೊತೆಗೆ ಹಿಡಿದಿಡುವುದೂ ನೊಗವೇ. ನಮ್ಮ ಹೊಲದಲ್ಲೇ ಇದ್ದ ಮಾತನ್ನು ನಾವು ಬಿಟ್ಟೆವು, ಅವರು ತಮ್ಮ ಹೊಲದ ಮಾತನ್ನು ಇಟ್ಟುಕೊಂಡರು.

ಬ್ರಿಟನ್ನಿನ ಮಾತುಗಳು ಇಲ್ಲಿ ಬೇರೂರಿದ್ದಕ್ಕೆ ಮುಖ್ಯ ಕಾರಣ ಬುಲೆಟ್. ಸೈನ್ಯಕ್ಕೆ ಮತ್ತು ಪೊಲೀಸರಿಗೆ ಬೇಕಾಗಿದ್ದ ಈ ಗಾಡಿಯನ್ನು ಇಲ್ಲಿಯೇ ಜೋಡಿಸಲು 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಆರಂಭವಾಯಿತು. ಕರ್ನಾಟಕದ ಸ್ವಂತ ಅಧ್ಯಾಯ ಶುರುವಾದದ್ದು ಐದಾರು ವರ್ಷಗಳ ನಂತರ, ಮೈಸೂರಿನಲ್ಲಿ. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಎಂಬ ಪಾರಸಿ ಉದ್ಯಮಿಗಳು 1960ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆಯನ್ನು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬಂದವು. ‘ಜಾವಾ’ ಎಂಬುದು ಇಂಡೋನೇಷ್ಯದ ದ್ವೀಪವಲ್ಲ. ಜೆಕೊಸ್ಲೊವಾಕಿಯದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡಾಗ, ಎರಡೂ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. 1970ರ ದಶಕದಲ್ಲಿ ಮೈಸೂರಿನ ಗಾಡಿ ‘ಯೆಜ್ಡಿ’ ಆಯಿತು. ಇರಾನಿನ ಯಜ್ದ್ ಪಟ್ಟಣದ ನೆನಪು ಅದರಲ್ಲಿದೆ. ಹೀಗೆ ಯಾದವಗಿರಿಯಲ್ಲಿ ತಯಾರಾದ ಗಾಡಿಯ ಟ್ಯಾಂಕಿನ ಮೇಲೆ ಪ್ರಾಗ್ ನಗರವೂ ಇತ್ತು, ಪರ್ಷಿಯಾವೂ ಇತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಬೇರೊಂದು ಕಂಪನಿಯ ಮೂಲಕ ಮತ್ತೆ ರಸ್ತೆಗೆ ಬಂದವು. ಆದರೆ ಅವು ಯಾದವಗಿರಿಯ ಗಾಡಿಗಳಲ್ಲ.

ಯೆಜ್ಡಿಯ ಒಂದು ವೈಶಿಷ್ಟ್ಯವನ್ನು ನಿಮ್ಮ ತಾತನನ್ನೋ ದೊಡ್ಡಪ್ಪನನ್ನೋ ಕೇಳಿ. ಅದರ ಗೇರ್ ಲಿವರೂ ಕಿಕ್ಕರೂ ಒಂದೇ! ಎಡಗಡೆಯ ಆ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಕೆಳಕ್ಕೆ ಮಡಚಿದರೆ ಗೇರ್. ಹಳೆಯ ಬುಲೆಟ್ಟಿನದು ಇನ್ನೊಂದು ಬಗೆ. ಅದರ ಗೇರ್ ಬಲಗಾಲಿನ ಕಡೆ, ಹಿಂದಿನ ಬ್ರೇಕ್ ಎಡಗಾಲಿನ ಕಡೆ. ಯೆಜ್ಡಿ, ರಾಜದೂತ್, ಆಮೇಲೆ 1980ರ ದಶಕದಲ್ಲಿ ಬಂದ ಜಪಾನೀ ಮಾದರಿಯ ಗಾಡಿಗಳಲ್ಲಿ ಗೇರ್ ಎಡಕ್ಕೆ, ಬ್ರೇಕ್ ಬಲಕ್ಕೆ. ಯೆಜ್ಡಿ ಓಡಿಸಿ ಅಭ್ಯಾಸವಾದವನು ಸ್ನೇಹಿತನ ಬುಲೆಟ್ ಏರಿ ಹೊರಟಾಗ ಎದುರಿಗೆ ದನ ಬಂತು ಎಂದುಕೊಳ್ಳಿ. ಗಾಬರಿಯಲ್ಲಿ ಅವನು ಬಲಗಾಲು ಒತ್ತುತ್ತಾನೆ. ಬ್ರೇಕ್ ಬೀಳುವುದಿಲ್ಲ, ಗೇರ್ ಬದಲಾಗುತ್ತದೆ! ಅದಕ್ಕೇ ಆ ಕಾಲದಲ್ಲಿ ಯಾರದಾದರೂ ಗಾಡಿ ತೆಗೆದುಕೊಂಡರೆ “ಗೇರ್ ಯಾವ ಕಡೆ ಅಣ್ಣ?” ಎಂದು ಮೊದಲು ಕೇಳುತ್ತಿದ್ದರು. ಇಂದಿನವರು ಕೇಳುವುದು “ಪೆಟ್ರೋಲ್ ಎಷ್ಟಿದೆ?” ಎಂದು.

ಇಲ್ಲಿಂದ ನಾವು ಬೀಳುವ ಮಾತಿಗೆ ಬಂದೆವು.

ಓಟದ ಬೈಕುಗಳ ಲೋಕದಲ್ಲಿ ಬೀಳುವುದಕ್ಕೆ ಒಂದಲ್ಲ, ಹಲವು ಹೆಸರುಗಳಿವೆ. ತಿರುವಿನಲ್ಲಿ ಗಾಡಿ ವಾಲಿದಾಗ ಟೈರು ಹಿಡಿತ ಕಳೆದುಕೊಂಡು, ವಾಲಿದ ಕಡೆಗೇ ಜಾರಿ ಮಲಗಿದರೆ ಅದು ‘ಲೋಸೈಡ್’. ಸವಾರ ಗಾಡಿಯ ಹಿಂದೆ ರಸ್ತೆಯ ಮೇಲೆ ಉಜ್ಜಿಕೊಂಡು ಹೋಗುತ್ತಾನೆ. ಚರ್ಮ ಸುಲಿಯುತ್ತದೆ, ಆದರೆ ಎತ್ತರದಿಂದ ಬೀಳುವುದಿಲ್ಲ. ‘ಹೈಸೈಡ್’ ಇದಕ್ಕಿಂತ ಕ್ರೂರ. ಹಿಂದಿನ ಚಕ್ರ ಪಕ್ಕಕ್ಕೆ ಜಾರುತ್ತಿರುವಾಗ ಸವಾರ ಹೆದರಿ ಬ್ರೇಕನ್ನೋ ಆಕ್ಸಿಲರೇಟರನ್ನೋ ತಟ್ಟನೆ ಬಿಡುತ್ತಾನೆ. ಜಾರುತ್ತಿದ್ದ ಟೈರು ಒಮ್ಮೆಲೇ ರಸ್ತೆಯನ್ನು ಕಚ್ಚುತ್ತದೆ. ವಾಲಿದ್ದ ಗಾಡಿ ಬಿಲ್ಲಿನಂತೆ ಸೆಟೆದು ಎದ್ದು, ಸವಾರನನ್ನು ಇನ್ನೊಂದು ಕಡೆಗೆ ಗಾಳಿಗೆ ಎಸೆಯುತ್ತದೆ. ಹಲವು ಸಲ ವಿಶ್ವ ಚಾಂಪಿಯನ್ ಆದ ಇಟಲಿಯ ವ್ಯಾಲೆಂಟಿನೊ ರೊಸ್ಸಿ 2010ರಲ್ಲಿ ತನ್ನ ತಾಯ್ನಾಡಿನ ಮುಜೆಲ್ಲೊ ಟ್ರ್ಯಾಕಿನಲ್ಲಿ, ಅದೂ ಅಭ್ಯಾಸದ ವೇಳೆ, ಹೀಗೆ ಬಿದ್ದು ಕಾಲಿನ ಮೂಳೆ ಮುರಿದುಕೊಂಡ. ಮುಂದಿನ ಬ್ರೇಕನ್ನು ಒಮ್ಮೆಲೇ ಹಿಂಡಿದಾಗ ಹಿಂದಿನ ಚಕ್ರ ಎದ್ದು ಗಾಡಿ ಮುಂದಕ್ಕೆ ಮಗುಚಿದರೆ ‘ಎಂಡೊ’. ಹ್ಯಾಂಡಲ್ ತನ್ನಷ್ಟಕ್ಕೆ ಎಡಕ್ಕೂ ಬಲಕ್ಕೂ ಪಟಪಟನೆ ಬಡಿದುಕೊಂಡು ಟ್ಯಾಂಕಿಗೆ ತಾಗುವಂತಾದರೆ ‘ಟ್ಯಾಂಕ್ ಸ್ಲ್ಯಾಪರ್’.

ಇವು ಕೇವಲ ಶೋಕಿಯ ಮಾತುಗಳಲ್ಲ. ಒಂದೊಂದು ಹೆಸರಿನೊಳಗೂ ಒಂದೊಂದು ಕಾರಣ ಅಡಗಿದೆ. ‘ಹೈಸೈಡ್ ಆಯಿತು’ ಎಂದೊಡನೆ ಕೇಳಿದವನಿಗೆ ಹಿಂದಿನ ಚಕ್ರ ಜಾರಿತ್ತು, ಆಮೇಲೆ ಹಿಡಿತ ಸಿಕ್ಕಿತು ಎಂಬುದು ಗೊತ್ತಾಗುತ್ತದೆ. ಮುಂದಿನ ಸಲ ಏನು ಮಾಡಬಾರದು ಎಂಬುದೂ ತಿಳಿಯುತ್ತದೆ. ‘ಸ್ಕಿಡ್ ಆಯಿತು’ ಎಂದರೆ ಬಿದ್ದ ಎಂಬುದಷ್ಟೇ ಗೊತ್ತಾಗುತ್ತದೆ.

ಹಾಗಾದರೆ ಕನ್ನಡದಲ್ಲಿ ಇಷ್ಟು ಸೂಕ್ಷ್ಮವಾದ ಮಾತುಗಳಿಲ್ಲವೇ? ಧಾರಾಳವಾಗಿವೆ, ನಾವು ಗಾಡಿಗೆ ಬಳಸುತ್ತಿಲ್ಲ ಅಷ್ಟೆ. ಮಗ್ಗುಲಿಗೆ ಜಾರುವುದು, ಬೋರಲು ಬೀಳುವುದು, ಅಂಗಾತ ಬೀಳುವುದು, ಈ ಮೂರೂ ಬೇರೆ ಬೇರೆ ಎಂದು ಅಜ್ಜಿಗೆ ಗೊತ್ತು. ಓಡುವ ಎತ್ತು ಮುಂಗಾಲು ಮಡಚಿ ಬಿದ್ದರೆ ‘ಮುಗ್ಗರಿಸಿತು’ ಎನ್ನುತ್ತೇವೆ. ಎಂಡೊ ಎಂದರೆ ಅದೇ. ಕುದುರೆ ತನ್ನ ಮೇಲಿದ್ದವನನ್ನು ‘ಕೆಡವಿತು’ ಎನ್ನುತ್ತೇವೆ. ಹೈಸೈಡಿನಲ್ಲಿ ಗಾಡಿ ಮಾಡುವುದು ಅದನ್ನೇ. ಹೋರಿ ‘ತಲೆ ಒದರುತ್ತದೆ’. ಟ್ಯಾಂಕ್ ಸ್ಲ್ಯಾಪರಿಗೆ ಇದಕ್ಕಿಂತ ಒಳ್ಳೆಯ ಮಾತು ನನಗೆ ತೋಚುವುದಿಲ್ಲ. ಬೆಂಗಳೂರಿನ ಹೊರರಸ್ತೆಗಳಲ್ಲಿ, ಈಗೀಗ ಸಣ್ಣ ಊರುಗಳಲ್ಲೂ ಹುಡುಗರು ಮುಂದಿನ ಚಕ್ರ ಎತ್ತಿ ಓಡಿಸುವುದನ್ನು ಪತ್ರಿಕೆಗಳು ‘ವೀಲಿಂಗ್’ ಎನ್ನುತ್ತವೆ. ಇಂಗ್ಲಿಷರು ಅದನ್ನು ‘ವೀಲೀ’ ಎನ್ನುತ್ತಾರೆ, ‘ವೀಲಿಂಗ್’ ನಮ್ಮದೇ ಸೃಷ್ಟಿ. ಮುಂದಿನ ಚಕ್ರ ನೆಲ ಬಿಟ್ಟಿರುವಷ್ಟು ಹೊತ್ತು ಗಾಡಿಗೆ ದಿಕ್ಕು ಬದಲಿಸುವ ಶಕ್ತಿಯಿಲ್ಲ, ಮುಂದಿನ ಬ್ರೇಕಿಗೆ ಕೆಲಸವಿಲ್ಲ. ಅದರಲ್ಲಿ ತಪ್ಪಿದವನು ಬೀಳುವುದು ಅಂಗಾತ, ತಲೆಯ ಹಿಂಭಾಗ ಮೊದಲು ನೆಲಕ್ಕೆ ಬಡಿಯುವಂತೆ. ‘ವೀಲಿಂಗ್ ಮಾಡಲು ಹೋಗಿ ಬಿದ್ದ’ ಎಂಬ ವಾಕ್ಯದಲ್ಲಿ ಇದು ಕಾಣುವುದಿಲ್ಲ.

‘ಡಿಕ್ಕಿ’ ಎಂಬ ಮಾತನ್ನೂ ಗಮನಿಸಿ. ಟಗರು ಟಗರಿಗೆ ಹೊಡೆಯುವುದು ಡಿಕ್ಕಿ. ಸ್ಕೂಟರಿನಲ್ಲಿ ಸಾಮಾನಿಡುವ ಪೆಟ್ಟಿಗೆಯೂ ಡಿಕ್ಕಿ. ಎರಡನೆಯದು ಹಳೆಯ ಕಾರುಗಳ ಹಿಂಬದಿಯ ಸೀಟಿಗಿದ್ದ ಇಂಗ್ಲಿಷ್ ಹೆಸರಿನಿಂದ ಬಂತು, ಮೊದಲನೆಯದಕ್ಕೂ ಅದಕ್ಕೂ ನಂಟಿಲ್ಲ. ಆದರೂ ನಮ್ಮ ರಸ್ತೆಗಳಲ್ಲಿ ಎರಡೂ ಒಂದೇ ಗಾಡಿಯಲ್ಲಿ ಪ್ರಯಾಣ ಮಾಡುತ್ತವೆ.

ಓಟದವರ ಪಟ್ಟಿಯಲ್ಲಿ ಇಲ್ಲದ, ನಮ್ಮವೇ ಆದ ಕೆಲವು ಬೀಳುಗಳಿವೆ. ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕುಳಿತ ಹೆಂಗಸಿನ ಸೆರಗೋ ದುಪಟ್ಟಾವೋ ಚಕ್ರಕ್ಕೆ ಸಿಕ್ಕಿಕೊಳ್ಳುವುದು ಒಂದು. ಇದಕ್ಕಾಗಿಯೇ ನಮ್ಮ ದೇಶದ ಬೈಕುಗಳಲ್ಲಿ ‘ಸಾರಿ ಗಾರ್ಡ್’ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮದ ಪ್ರಕಾರ ಹಿಂದೆ ಕುಳಿತವರಿಗೆ ಹಿಡಿ, ಕಾಲಿಡಲು ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷೆ ಇರಲೇಬೇಕು. ಅಂದ ಕೆಡುತ್ತದೆಂದು ಅದನ್ನು ಬಿಚ್ಚಿಸುವ ಹುಡುಗರು, ಅದನ್ನು ಯಾರಿಗಾಗಿ ಹಾಕಿದ್ದರು ಎಂದು ತಮ್ಮ ತಾಯಿಯನ್ನು ಹಿಂದೆ ಕೂರಿಸಿಕೊಂಡಾಗ ಯೋಚಿಸಲಿ. ಸೈಡ್ ಸ್ಟ್ಯಾಂಡ್ ಎತ್ತಲು ಮರೆತು, ಎಡ ತಿರುವಿನಲ್ಲಿ ಅದು ನೆಲಕ್ಕೆ ತಾಗಿ ಬೀಳುವುದು ಇನ್ನೊಂದು. ಈಗ ಮರೆಯಾಗುತ್ತಿರುವ ಮೂರನೆಯದು ‘ಸೀಜ್’. ಯೆಜ್ಡಿ, ರಾಜದೂತ್‌ಗಳಂಥ ಟೂ ಸ್ಟ್ರೋಕ್ ಗಾಡಿಗಳಿಗೆ ಪೆಟ್ರೋಲಿನ ಜೊತೆಯಲ್ಲೇ ಆಯಿಲ್ ಬೆರೆಸುತ್ತಿದ್ದರು. ಆಯಿಲ್ ಕಡಿಮೆಯಾದರೆ ಪಿಸ್ಟನ್ ಕಾದು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತಿತ್ತು, ಓಡುತ್ತಿದ್ದ ಹಿಂದಿನ ಚಕ್ರ ಅಲ್ಲೇ ನಿಲ್ಲುತ್ತಿತ್ತು. ಅನುಭವಸ್ಥರು ಇಂಜಿನ್ನಿನ ಸದ್ದು ಬದಲಾದೊಡನೆ ಕ್ಲಚ್ ಹಿಡಿಯುತ್ತಿದ್ದರು.

ನಾಲ್ಕನೆಯದು ಮುರುಗಮಲ್ಲದ ಸುತ್ತಿನವರಿಗೆ ಚೆನ್ನಾಗಿ ಗೊತ್ತು. ಸುಗ್ಗಿಯ ಕಾಲದಲ್ಲಿ ಚಿಕ್ಕಬಳ್ಳಾಪುರ, ಕೋಲಾರದ ರಸ್ತೆಗಳೇ ಕಣಗಳಾಗುತ್ತವೆ. ರಾಗಿ ತೆನೆ, ಹುರುಳಿ ಗಿಡಗಳನ್ನು ಟಾರಿನ ಮೇಲೆ ಹರಡಿ, ಹೋಗುವ ಬರುವ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುತ್ತಾರೆ. ತೆಲುಗಿನಲ್ಲಿ ‘ಉಲವಲು’ ಎನ್ನುವ ಈ ಹುರುಳಿ ಬೈಕಿನವರಿಗೆ ಬಲು ಅಪಾಯಕಾರಿ. ಬೈಕಿನ ಒಂದು ಟೈರು ಯಾವುದೇ ಕ್ಷಣದಲ್ಲಿ ನೆಲವನ್ನು ಮುಟ್ಟುವುದು ಅಂಗೈಯಗಲದಷ್ಟು ಮಾತ್ರ. ಆ ಅಂಗೈಯಗಲದ ಜಾಗಕ್ಕೂ ರಸ್ತೆಗೂ ನಡುವೆ ಗಟ್ಟಿಯಾದ ಹುರುಳಿ ಕಾಳುಗಳು ಬಂದರೆ ಅವು ಬೇರಿಂಗಿನ ಗುಂಡುಗಳಂತೆ ಉರುಳುತ್ತವೆ. ಒಣಗಿದ ಬಳ್ಳಿ ಚಕ್ರಕ್ಕೆ, ಚೈನಿಗೆ ಸುತ್ತಿಕೊಳ್ಳುತ್ತದೆ. ವಾಹನಗಳು ತಪ್ಪಿಸಿಕೊಂಡು ಹೋಗದಿರಲೆಂದು ಪಕ್ಕದಲ್ಲಿಟ್ಟ ಕಲ್ಲುಗಳು ಸೊಪ್ಪಿನಡಿ ಕಾಣುವುದಿಲ್ಲ. ಅಲ್ಲಿ ಬ್ರೇಕ್ ಒತ್ತಿದವನು ಮಗ್ಗುಲಿಗೆ ಜಾರುತ್ತಾನೆ, ಹಿಂದಿನಿಂದ ಬಸ್ಸೋ ಲಾರಿಯೋ ಬರುತ್ತಿದ್ದರೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಪ್ರತಿ ಸುಗ್ಗಿಯಲ್ಲೂ ಅಧಿಕಾರಿಗಳು ಎಚ್ಚರಿಕೆ ಕೊಡುತ್ತಾರೆ, ಪ್ರತಿ ಸುಗ್ಗಿಯಲ್ಲೂ ಹುರುಳಿ ರಸ್ತೆಗೆ ಬರುತ್ತದೆ. ರೈತರನ್ನು ಬೈದು ಮುಗಿಸುವುದು ಸುಲಭ. ಆದರೆ ಸಗಣಿ ಸಾರಿಸಿದ ಕಣ, ಗುಂಡು ಎಳೆಯುವ ಎತ್ತು, ಒಕ್ಕಣೆಗೆ ಬರುವ ಆಳು, ಈ ಮೂರೂ ಊರಿನಿಂದ ಹೋದ ಮೇಲೆ ಉಳಿದ ಸಮತಟ್ಟಾದ ಗಟ್ಟಿ ನೆಲ ರಸ್ತೆ ಒಂದೇ. ಎತ್ತಿನ ಹೆಸರನ್ನು ಪಡೆದ ಗಾಡಿಗೆ ಈಗ ಎತ್ತಿನ ಕೆಲಸವೂ ಬಂದಿದೆ.

ಈಗ ಈ ಬೀಳು ಕಾಗದಕ್ಕೆ ಹೇಗೆ ಇಳಿಯುತ್ತದೆ ನೋಡಿ. ಪತ್ರಿಕೆಯಲ್ಲಿ ‘ಆಯತಪ್ಪಿ ಬಿದ್ದು ಸವಾರ ಸಾವು’ ಎಂದೋ ‘ನಿಯಂತ್ರಣ ತಪ್ಪಿ’ ಎಂದೋ ಬರುತ್ತದೆ. ಠಾಣೆಯ ದಾಖಲೆಯಲ್ಲಿ ‘ಅತಿವೇಗ ಮತ್ತು ಅಜಾಗರೂಕತೆ’ ಎಂಬ ಮಾತು. ಈ ಮಾತಿನ ಮೂಲ 1860ರ ಭಾರತೀಯ ದಂಡ ಸಂಹಿತೆಯ 279ನೆಯ ಕಲಮು. ಮೊದಲ ಮೋಟಾರ್ ಸೈಕಲ್ ಎನಿಸಿಕೊಂಡ ಡೈಮ್ಲರ್‌ನ ಯಂತ್ರ ಜರ್ಮನಿಯಲ್ಲಿ ಓಡಿದ್ದು 1885ರಲ್ಲಿ. ಅಂದರೆ ಕಲಮು ಬರೆದವರ ಕಣ್ಣ ಮುಂದಿದ್ದುದು ಜಟಕಾ ಹೊಡೆಯುವವರು, ಕುದುರೆ ಸವಾರರು! 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದು, 279 ಹೋಗಿ 281 ಆಯಿತು. ಮಾತು ಹೆಚ್ಚುಕಡಿಮೆ ಅದೇ ಉಳಿಯಿತು. ಬೇರೆ ವಾಹನದ ಪಾತ್ರವಿಲ್ಲದಿದ್ದರೆ ‘ಸ್ವಯಂ ಅಪಘಾತ’ ಎಂದು ಬರೆಯುತ್ತಾರೆ.

ಆ ಎರಡು ಪದಗಳಿಗೆ ಬೆಲೆಯಿದೆ, ರೂಪಾಯಿಯಲ್ಲೇ ಇದೆ. ಗಾಡಿಗೆ ಕಡ್ಡಾಯವಾಗಿ ಮಾಡಿಸುವ ಮೂರನೆಯ ವ್ಯಕ್ತಿಯ ವಿಮೆ, ಆ ಗಾಡಿಯಿಂದ ತೊಂದರೆಗೊಳಗಾದ ಇತರರಿಗೆ. ತನ್ನ ತಪ್ಪಿನಿಂದಲೇ ಬಿದ್ದ ಸವಾರನ ಮನೆಯವರಿಗೆ ಅದು ದಕ್ಕುವುದಿಲ್ಲ. ಗಾಡಿಯ ಮಾಲೀಕನೇ ಓಡಿಸುತ್ತಿದ್ದಾಗ ನೆರವಾಗಲೆಂದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಬೇರೆಯೇ ಇದೆ, ಅದಕ್ಕೆ ಲೈಸೆನ್ಸ್ ಇರಬೇಕು. ರಸ್ತೆಯ ಮೇಲೆ ಹುರುಳಿ ಹರಡಿತ್ತು, ಹಂಪಿಗೆ ಬಣ್ಣ ಬಳಿದಿರಲಿಲ್ಲ, ಗುಂಡಿ ಮುಚ್ಚಿರಲಿಲ್ಲ ಎಂಬ ಸಂಗತಿಗಳು ‘ಆಯತಪ್ಪಿ’ ಎಂಬ ಒಂದು ಮಾತಿನ ಹಿಂದೆ ಮರೆಯಾದರೆ, ಸತ್ತವನೊಬ್ಬನೇ ಹೊಣೆಗಾರನಾಗಿ ಉಳಿಯುತ್ತಾನೆ. ರಸ್ತೆ ಸಾಕ್ಷಿಕಟ್ಟೆಗೆ ಬರುವುದೇ ಇಲ್ಲ. ಮುಂದಿನ ವಾರ ಅದೇ ಜಾಗದಲ್ಲಿ ಇನ್ನೊಬ್ಬ ಬೀಳುತ್ತಾನೆ.

ಬಿದ್ದದ್ದನ್ನು ಸರಿಯಾಗಿ ವಿವರಿಸಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಪ್ರಸಿದ್ಧನಾದ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿ ರಸ್ತೆಯೊಂದರಲ್ಲಿ, ಸೈಕಲ್ಲಿನಲ್ಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ತಲೆಗೆ ಪೆಟ್ಟಾಗಿ ಕೆಲವು ದಿನಗಳ ನಂತರ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರತಜ್ಞ ಇದ್ದ. ‘ಬೈಕಿನಿಂದ ಬಿದ್ದು ಸತ್ತ’ ಎಂದು ಅವನು ಕೈಬಿಡಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸಂದೇಶ ಒಯ್ಯುವ ಸೈನಿಕರು ಬಿದ್ದಾಗ ಪೆಟ್ಟು ಎಲ್ಲಿ ಬೀಳುತ್ತದೆ, ಹೆಲ್ಮೆಟ್ ಇದ್ದವರಿಗೂ ಇಲ್ಲದವರಿಗೂ ಏನು ವ್ಯತ್ಯಾಸ ಎಂದು ಪರಿಶೀಲಿಸಿ 1941ರಲ್ಲಿ ಪ್ರಕಟಿಸಿದ. ಅದೇ ವರ್ಷ ಬ್ರಿಟಿಷ್ ಸೈನ್ಯ ಆ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂರುವವರಿಗೂ ಅದು ಕಡ್ಡಾಯವಾಗಿದೆ.

ಎರಡನೆಯದು ಅಮೆರಿಕದ್ದು. ಹ್ಯಾರಿ ಹರ್ಟ್ ಎಂಬ ಪ್ರಾಧ್ಯಾಪಕ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದಲ್ಲಿ ಸುಮಾರು 900 ಮೋಟಾರ್ ಸೈಕಲ್ ಅಪಘಾತಗಳ ಸ್ಥಳಕ್ಕೆ ತಾವೇ ಹೋಗಿ ಗಾಡಿ, ರಸ್ತೆ, ಗಾಯ ಎಲ್ಲವನ್ನೂ ದಾಖಲಿಸಿದರು. 1981ರಲ್ಲಿ ಬಂದ ವರದಿಯಲ್ಲಿ ಒಂದು ಸಂಗತಿ ನಮಗೆ ತೀರ ಹತ್ತಿರದ್ದು. ಗಾಬರಿಯಾದ ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಚಕ್ರ ಜಾರಿಸಿಕೊಂಡಿದ್ದರು, ಮುಂದಿನ ಬ್ರೇಕನ್ನು ಬೇಕಾದಷ್ಟು ಬಳಸಿಯೇ ಇರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಗಾಡಿ ಕಲಿಸುವವರು ಮೊದಲು ಹೇಳುವ ಮಾತು ನೆನಪಿದೆಯೇ? “ಮುಂದಿನ ಬ್ರೇಕ್ ಮುಟ್ಟಬೇಡ, ಮುಗ್ಗರಿಸ್ತೀಯ.” ಒಂದು ಬಗೆಯ ಬೀಳಿನ ಭಯದಿಂದ ಇನ್ನೊಂದು ಬಗೆಯ ಬೀಳನ್ನು ಕಲಿಸುತ್ತಿದ್ದೇವೆ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಹೋಗುವುದರಿಂದ, ಒಣ ರಸ್ತೆಯಲ್ಲಿ ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಶಕ್ತಿ ಮುಂದಿನ ಬ್ರೇಕಿಗೇ ಇದೆ. ನೇರವಾಗಿ ಹೋಗುವಾಗ ಅದನ್ನು ಹಂತ ಹಂತವಾಗಿ ಹಿಂಡಬೇಕು. ಹುರುಳಿ, ಮರಳು, ಕೆಸರಿನ ಮೇಲೆ ಎರಡನ್ನೂ ಮುಟ್ಟದೆ ಮೊದಲೇ ನಿಧಾನಿಸಬೇಕು. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್, ಅದಕ್ಕಿಂತ ಸಣ್ಣವಕ್ಕೆ ಎರಡು ಬ್ರೇಕುಗಳನ್ನೂ ಒಟ್ಟಿಗೆ ಕೆಲಸ ಮಾಡಿಸುವ ಸಿಬಿಎಸ್ ಕಡ್ಡಾಯವಾಯಿತು. ಅಪ್ಪನ ಹಳೆಯ ಗಾಡಿಯಲ್ಲಿ ಅವೆರಡೂ ಇಲ್ಲ ಎಂಬುದು ನೆನಪಿರಲಿ.

ಓಟದ ವಿಷಯ ಓದಿ ನಿಮ್ಮಲ್ಲಿ ಯಾರಿಗಾದರೂ ಉತ್ಸಾಹ ಬಂದಿದ್ದರೆ ತಪ್ಪಿಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು. ಅದೇ ಊರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದರು. ಸಂತೋಷ್ 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳಿನಲ್ಲಿ ಬಿದ್ದು, ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಕೃತಕ ಕೋಮಾದಲ್ಲಿಡಬೇಕಾಯಿತು. ಅವರು ಚೇತರಿಸಿಕೊಂಡರು. 2023ರ ಆಗಸ್ಟ್‌ನಲ್ಲಿ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ಬಿದ್ದ ಬೆಂಗಳೂರಿನ ಹದಿಮೂರು ವರ್ಷದ ಹುಡುಗನೊಬ್ಬ ಉಳಿಯಲಿಲ್ಲ. ಹೆಲ್ಮೆಟ್, ಚರ್ಮದ ಉಡುಪು, ಪಕ್ಕದಲ್ಲೇ ಆಂಬುಲೆನ್ಸ್ ಇರುವ ಕಡೆಯ ಮಾತಿದು. ಮುರುಗಮಲ್ಲದ ರಸ್ತೆಯಲ್ಲಿ ಆ ಮೂರರಲ್ಲಿ ಮೊದಲನೆಯದು ಮಾತ್ರ ನಿಮ್ಮ ಕೈಯಲ್ಲಿದೆ.

ಮತ್ತೆ ಆ ಅಂಗಡಿಗೆ ಹೋಗೋಣ. ಹುಡುಗನ ಗಾಡಿ ಸಿದ್ಧವಾಗಿದೆ. ಮೇಸ್ತ್ರಿ ಒಂದು ಚೀಟಿಯಲ್ಲಿ ಬರೆದುಕೊಡುತ್ತಾನೆ: ಎಡಗಡೆ ಫುಟ್‌ರೆಸ್ಟ್, ಕ್ಲಚ್ ಲಿವರ್, ಎಡಗಡೆ ಇಂಡಿಕೇಟರ್, ಕೂಲಿ. ಪಕ್ಕದಲ್ಲಿ ಇನ್ನೊಂದು ಗಾಡಿ ನಿಂತಿದೆ, ಅದರ ಚೀಟಿ ಉದ್ದವಾಗಿದೆ: ಫೋರ್ಕ್ ಪೈಪ್ ಎರಡು, ಟಿ ಒಂದು, ಮುಂದಿನ ರಿಮ್, ಹೆಡ್‌ಲೈಟ್ ಡೂಮ್, ಮಡ್‌ಗಾರ್ಡ್. ಎರಡೂ ಗಾಡಿಗಳ ಬಗ್ಗೆ ಊರಲ್ಲಿ ಹೇಳಿದ್ದು ‘ಸ್ಕಿಡ್ ಆಯ್ತು’ ಎಂದೇ. ಈಗ ಚೀಟಿಗಳನ್ನು ನೀವೇ ಓದಬಲ್ಲಿರಿ. ಮೊದಲನೆಯವನು ಎಡ ಮಗ್ಗುಲಿಗೆ ಜಾರಿದ್ದಾನೆ. ಎರಡನೆಯವನು ಜಾರಿಯೇ ಇಲ್ಲ, ನೇರವಾಗಿ ಯಾವುದಕ್ಕೋ ಗುದ್ದಿದ್ದಾನೆ.